ಜೀಪಣ್ಣ ಕೂರಿಸಿದ ಹೊಸ ಗೇರು

ಜೀಪಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅವನಿದ್ದಲ್ಲಿ ಆ ಹಳೇ ಜೀಪು, ಜೀಪಿದ್ದಲ್ಲಿ ಅವನು. ಹಾಗಾಗಿ ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಜೀಪಣ್ಣ. ಹೆಂಡತಿ ಒಬ್ಬಳಿಗೆ ಮಾತ್ರ 'ರೀ'.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ಅದು. ಸರ್ವೆ ಆಫೀಸಿನವರು ಓಡಿಸಿ ಓಡಿಸಿ ಸಾಕಾಗಿ ಹರಾಜಿಗೆ ಇಟ್ಟಿದ್ದನ್ನು ಇವನು ತಂದ. ಆಗಿನ್ನೂ ಗ್ಯಾರೇಜಿನಲ್ಲಿ ಕೆಲಸ ಕಲಿತು ಹೊರಗೆ ಬಂದಿದ್ದ. ಗುಡ್ಡದ ತುದಿಯಲ್ಲಿರುವ ಟವರುಗಳಿಗೆ ಡೀಸೆಲ್ಲು, ಕೇಬಲ್ಲು, ಕೆಲಸದವರನ್ನು ಸಾಗಿಸುವುದು ಅವನ ಬಾಡಿಗೆ. ಬೇರೆ ಗಾಡಿ ಮೂಸಿಯೂ ನೋಡದ ದಾರಿಯಲ್ಲಿ ಅವನ ಜೀಪು ಗೊಣಗಿಕೊಂಡು ಹತ್ತಿಬಿಡುತ್ತಿತ್ತು. ಟಾರು ರಸ್ತೆಗೆ ಇಳಿದರೆ ಮಾತ್ರ ಅದರ ಬಂಡವಾಳ ಬಯಲು. ಟಾಪ್ ಗೇರಿನಲ್ಲಿ ಒಂಚೂರು ಒತ್ತಿದರೆ ಸಾಕು, ಎಂಜಿನ್ನು ಹುಯಿಲಿಡುತ್ತಿತ್ತು. ಕಾಲಡಿಯ ತಗಡು, ಬಾಗಿಲು, ಗಾಜು ಎಲ್ಲಾ ಒಟ್ಟಿಗೆ ಗಡಗಡ ಅನ್ನುತ್ತಿದ್ದವು. ಮಾತಾಡಬೇಕು ಅಂದರೆ ಕಿವಿಗೆ ಬಾಯಿಟ್ಟು ಕೂಗಬೇಕು.

ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಆ ಜೀಪಿನಲ್ಲೇ ಮನೆಗೆ ಕರೆತಂದಿದ್ದ. ದಾರಿಯಲ್ಲಿ ಅವಳು ಏನೋ ಅಂದಳು, ಇವನು ತಲೆಯಾಡಿಸಿದ. ಮತ್ತೆ ಅಂದಳು, ಮತ್ತೆ ತಲೆಯಾಡಿಸಿದ. ಬಾಯಾರಿಕೆ, ಎಲ್ಲಾದರೂ ನಿಲ್ಲಿಸಿ ಅಂತ ಅವಳು ಕೇಳಿದ್ದು ಅವನಿಗೆ ಗೊತ್ತಾಗಿದ್ದು ಮನೆ ಬಾಗಿಲಲ್ಲಿ. ಆಮೇಲೆ ಮನೆಗೆ ಯಾರೇ ಬರಲಿ, ಇವರ ಗಾಡೀಲಿ ಕೂತು ಏನು ಬೇಕಾದರೂ ಬೈಯಬಹುದು, ಹೂಂ ಅಂತ ತಲೆಯಾಡಿಸ್ತಾರೆ ಎಂದು ಹೇಳಿ ನಗಿಸುತ್ತಿದ್ದಳು.

ಹಾಗಂತ ಜೀಪಣ್ಣನ ಕಿವಿ ಮಂದವಲ್ಲ. ಮೆಕ್ಯಾನಿಕ್ಕುಗಳ ಬೀದಿಯಲ್ಲಿ ಅವನ ಕಿವಿ ಅಂದರೆ ಒಂದು ಮಾತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಹಿಂದಿನ ಬೇರಿಂಗು ಹೋಗಿದೆ ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ಲೇತ್ ಮಿಷನ್ನಿನವನು ಅವನ ಹಳೇ ಗೆಳೆಯ. ಜೀಪಣ್ಣನನ್ನು ಛೇಡಿಸದಿದ್ದರೆ ಅವನಿಗೆ ತಿಂದ ಅನ್ನ ಕರಗುತ್ತಿರಲಿಲ್ಲ.

"ಹೆಂಡ್ತಿ ಮಾತೊಂದು ಬಿಟ್ಟು ಲೋಕದ ಸದ್ದೆಲ್ಲಾ ಕೇಳಿಸುತ್ತೆ ಇವನಿಗೆ."

ಜೀಪಣ್ಣನೂ ನಗುತ್ತಿದ್ದ.

ಮಕ್ಕಳಾಗಲಿಲ್ಲ. ಅವನು ರಿಪೇರಿ ಮಾಡುವ ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದರು. ಅವಳು ಒಲೆಯ ಮುಂದೆ ಕೂತೇ, ಶೆಡ್ಡಿನೊಳಗೆ ಬೋಲ್ಟು ತಿರುಗಿಸುವ ಪಾನ ಬಿದ್ದ ಸದ್ದಿಗೆ ಇವನಿಗೆ ಸಿಟ್ಟು ಬಂದಿದೆಯೋ ಬೇಸರವೋ ಹೇಳುತ್ತಿದ್ದಳು.

ಆಮೇಲೆ ಅವಳಿಗೆ ಗಡ್ಡೆಯಾಯಿತು. ಹೊಟ್ಟೆಯಲ್ಲಿ ಶುರುವಾದದ್ದು ಬೆನ್ನುಮೂಳೆಗೆ ಇಳಿಯಿತು. ವಾಸಿಯಾಗುವ ಮಾತು ಡಾಕ್ಟರು ಆಡಲಿಲ್ಲ. ನೋವು ಕಡಿಮೆಯಾಗಬೇಕಾದರೆ ಕರೆದುಕೊಂಡು ಬರುತ್ತಿರಿ ಎಂದರು, ಅಷ್ಟೇ. ಆ ಆಸ್ಪತ್ರೆ ದೂರದ ಪಟ್ಟಣದಲ್ಲಿ. ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಜೀಪಣ್ಣ ಹಿಂದಿನ ಬೆಂಚು ಕಿತ್ತು ಹಾಸಿಗೆ ಹಾಸಿದ. ಅವಳು ಕಾಲು ಮುಂದಕ್ಕೆ, ತಲೆ ಹಿಂದಿನ ಬಾಗಿಲ ಕಡೆಗೆ ಮಾಡಿ ಮಲಗುತ್ತಿದ್ದಳು. ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಕಂಬಳಿ ಮಾತ್ರ.

ಆಸ್ಪತ್ರೆ ಮುಂದೆ ನಿಲ್ಲಿಸಿ ಬಾಗಿಲು ತೆಗೆದು, ಹೇಗಿದ್ದೀಯೇ ಅಂತ ಕೇಳಿದರೆ ಪ್ರತಿ ಸಲವೂ ಒಂದೇ ಉತ್ತರ.

"ದಾರಿಯುದ್ದಕ್ಕೂ ಒಳ್ಳೇ ನಿದ್ದೆ ಕಣ್ರೀ."

ಈ ಡೋಲಿನೊಳಗೆ ಅದು ಹೇಗೆ ನಿದ್ದೆ ಬರುತ್ತದೋ ಅಂತ ಅವನಿಗೆ ಆಶ್ಚರ್ಯ. ಆದರೂ ನಂಬುತ್ತಿದ್ದ. ನಂಬಿದರೆ ಮನಸ್ಸಿಗೆ ಹಗುರ. ಅವಳ ಕಾಯಿಲೆಯಲ್ಲಿ ಅವನ ಕೈಲಿ ಇದ್ದದ್ದು ಆ ದಾರಿ ಒಂದೇ. ಅದೊಂದಾದರೂ ಅವಳಿಗೆ ಸುಖವಾಗಿರಲಿ ಅನ್ನುವುದು ಬಿಟ್ಟು ಅವನಿಗೆ ಬೇರೆ ಆಸೆ ಉಳಿದಿರಲಿಲ್ಲ.

ಅವಳ ತಮ್ಮ ಟೈಲರು. ಅಕ್ಕ ಅಂದರೆ ಪ್ರಾಣ, ಬಾಯಿ ಮಾತ್ರ ಕತ್ತರಿ. ಒಂದು ಸಲ ಯಾರದೋ ಕಾರು ಕೇಳಿ ತಂದು ಅಕ್ಕನನ್ನು ಅದರಲ್ಲಿ ಕರೆದುಕೊಂಡು ಹೋಗಿದ್ದ. ವಾಪಸು ಬಂದವಳು ಇನ್ನು ಕಾರು ಬೇಡವೇ ಬೇಡ ಎಂದಳು. ಅದರಲ್ಲಿ ಮಗ್ಗುಲು ಹೊರಳುವುದಕ್ಕೂ ಜಾಗವಿಲ್ಲ, ಜೀಪೇ ಸಾಕು ಅಂತ ಹಟ ಹಿಡಿದಳು. ತಮ್ಮ ಆ ಸಿಟ್ಟನ್ನು ಭಾವನ ಮೇಲೆ ತೀರಿಸಿದ.

"ಭಾವ, ನೀವು ಅಕ್ಕನ್ನ ಕರ್ಕೊಂಡು ಹೋಗ್ತಿಲ್ಲ, ತಗಡಿನ ಡಬ್ಬದಲ್ಲಿ ಹಾಕಿ ಕುಲುಕ್ತಿದೀರ. ನಿಮಗೆ ಆ ಗಾಡಿ ಮೇಲಿರೋ ಪ್ರೀತಿ ಅವಳ ಮೇಲಿಲ್ಲ."

ಜೀಪಣ್ಣ ಅವತ್ತೇ ಆ ಮಾತನ್ನು ಲೇತಿನವನ ಮುಂದೆ ಹೇಳಿಕೊಂಡ.

ಓವರ್‌ಡ್ರೈವ್ ಹಾಕು ಅಂದದ್ದು ಲೇತಿನವನು. ಅದೊಂದು ಹೆಚ್ಚಿನ ಗೇರುಪೆಟ್ಟಿಗೆ. ಟಾಪ್ ಗೇರಿನ ಮೇಲೆ ಇನ್ನೊಂದು ಮೆಟ್ಟಿಲು ಇದ್ದ ಹಾಗೆ. ಅದನ್ನು ಹಾಕಿದರೆ ಗಾಡಿ ಅದೇ ಜೋರಿನಲ್ಲಿ ಹೋದರೂ ಎಂಜಿನ್ನು ಅಷ್ಟು ತಿರುಗಬೇಕಾಗಿಲ್ಲ. ಹುಯಿಲು ನಿಲ್ಲುತ್ತದೆ, ನಡುಕ ಇಳಿಯುತ್ತದೆ. ಗುಜರಿಯಲ್ಲಿ ಇಂಥದೇ ಹಳೇ ಜೀಪೊಂದು ಬಂದಿದೆ, ಅದರ ಗೇರ್‌ಬಾಕ್ಸಿನ ಹಿಂದೆ ಅಂಥದೊಂದು ಪೆಟ್ಟಿಗೆ ಕೂತಿದೆ, ತುಕ್ಕು ಹಿಡಿದಿಲ್ಲ ಅಂತ ಸುದ್ದಿ ತಂದ. ಜೀಪಣ್ಣ ಅವತ್ತೇ ಹೋಗಿ ಬಿಚ್ಚಿಕೊಂಡು ಬಂದ. ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಸೀಮೆಎಣ್ಣೆಯಲ್ಲಿ ಹಲ್ಲು ಹಲ್ಲು ತಿಕ್ಕಿದ.

ಹೆಂಡತಿ ಮಂಚದ ಮೇಲಿಂದ ನೋಡುತ್ತಿದ್ದಳು.

"ಏನ್ರೀ ಅದು?"

"ನಿನಗೇ ಕಣೇ. ಇನ್ನು ಗಾಡೀಲಿ ಗಲಾಟೆ ಇರಲ್ಲ. ತೊಟ್ಟಿಲಲ್ಲಿ ಮಲಗಿದ ಹಾಗೆ ಬರ್ತೀಯ."

ಅವಳು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಆ ಸದ್ದಿಂದ ನನಗೇನೂ ತೊಂದ್ರೆ ಇಲ್ಲ. ಬೇಡ, ಬಿಡಿ. ಇದ್ದ ಹಾಗೇ ಇರ್ಲಿ."

ಗಂಡ ಕಷ್ಟಪಡುತ್ತಾನಲ್ಲ ಅಂತ ಹೇಳುತ್ತಿದ್ದಾಳೆ ಅಂದುಕೊಂಡ. ನೀನು ಸುಮ್ನಿರು ಅಂದ.

ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮುಂದಿನ ಸಾಲಿನ ನಡುವಿನ ಸೀಟು ತೆಗೆದು, ಕಾಲಡಿಯ ತಗಡು ಬಿಚ್ಚಿ, ಎಣ್ಣೆ ಇಳಿಸಿದ. ಗೇರ್‌ಬಾಕ್ಸಿನ ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಹೊಸ ಪೆಟ್ಟಿಗೆ ಹೋಗಿ ಕಚ್ಚಿಕೊಳ್ಳಬೇಕಾದ ಶಾಫ್ಟಿನ ತುದಿಯ ಹಲ್ಲೇ ಸವೆದಿತ್ತು. ಇದರ ಮೇಲೆ ಕೂರಿಸಿದರೆ ನಡುದಾರಿಯಲ್ಲಿ ಕೈ ಕೊಡುತ್ತದೆ ಎಂದ ಲೇತಿನವನು. ಬೇರೆ ಯಾರಾದರೂ ಆಗಿದ್ದರೆ ಮುಚ್ಚಳ ಹಾಕಿ ಎದ್ದು ಹೋಗುತ್ತಿದ್ದರು. ಜೀಪಣ್ಣ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಇಡೀ ಗೇರ್‌ಬಾಕ್ಸನ್ನೇ ಕೆಳಗಿಳಿಸಿದ. ಗುಜರಿ ಜೀಪಿನ ಶಾಫ್ಟು ತಂದು ಹಾಕಿದ. ಮತ್ತೆ ಮೇಲೇರಿಸಿ, ಪೆಟ್ಟಿಗೆಯನ್ನು ಹಲ್ಲಿಗೆ ಹಲ್ಲು ಕೂಡಿಸಿ ತಳ್ಳಿದ. ಮೇಲಿನ ಬೋಲ್ಟಿಗೆ ಪಾನ ಹೋಗದೆ ಬೆರಳ ತುದಿಯಿಂದಲೇ ತಿರುಗಿಸುತ್ತಾ ಕೂತ. ಅದರ ಎಣ್ಣೆ ಬೇರೆ, ಅದನ್ನೂ ಮರೆಯದೆ ತುಂಬಿದ. ತಗಡಿನಲ್ಲಿ ತೂತು ಕೊರೆದು ಹೊಸ ಲಿವರ್ ಮೇಲೆ ತಂದ. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬಹಳ ಹೊತ್ತು ಕೇಳಿದ. ಒಂದು ಹಲ್ಲೂ ಇನ್ನೊಂದರ ಮೇಲೆ ಗೊಣಗಲಿಲ್ಲ.

ಅಲ್ಲಿಗೂ ಬಿಡಲಿಲ್ಲ. ಬಾಗಿಲ ಸುತ್ತ ರಬ್ಬರ್ ಪಟ್ಟಿ ಅಂಟಿಸಿದ. ತಗಡಿನ ಮೇಲೆ ಉಣ್ಣೆಯ ದಪ್ಪ ನಮದೆ ಹಾಸಿದ. ಅಲುಗಾಡುವ ಗಾಜಿಗೆ ಬಟ್ಟೆ ಸಿಕ್ಕಿಸಿದ. ಗಾಡಿಯಲ್ಲಿ ಸದ್ದು ಎಲ್ಲೆಲ್ಲಿಂದ ಹುಟ್ಟುತ್ತದೋ ಅಲ್ಲೆಲ್ಲಾ ಹುಡುಕಿ ಹುಡುಕಿ ಅದರ ಬಾಯಿ ಕಟ್ಟಿದ.

ಒಬ್ಬನೇ ಓಡಿಸಿ ನೋಡಿದ. ಟಾಪ್ ಗೇರಿಗೆ ಬಂದು, ಕ್ಲಚ್ಚು ತುಳಿದು ಹೊಸ ಲಿವರ್ ಎಳೆದ. ಹುಯಿಲು ಹಾಗೇ ಇಳಿದುಹೋಯಿತು. ಜೇಬಿನೊಳಗಿನ ಬೀಗದ ಕೈಗಳು ಕಿಣಿಕಿಣಿ ಅನ್ನುವುದು ಕೇಳಿಸಿತು. ಇಷ್ಟು ವರ್ಷದಲ್ಲಿ ಆ ಜೀಪಿನೊಳಗೆ ಅವನು ಅದನ್ನು ಕೇಳಿರಲಿಲ್ಲ. ಅವನಿಗೆ ನಗು ಬಂತು, ಕಣ್ಣೂ ತುಂಬಿತು.

ಆಸ್ಪತ್ರೆಗೆ ಹೋಗುವ ದಿನ ಬಂತು. ಹೆಂಡತಿಯನ್ನು ಎತ್ತಿ ಮಲಗಿಸಿ ಕಂಬಳಿ ಹೊದಿಸಿದ. ಊರು ದಾಟಿ ನೇರ ರಸ್ತೆಗೆ ಬಂದ ಮೇಲೆ ಲಿವರ್ ಎಳೆದ. ಗಾಡಿ ಗಪ್ ಚುಪ್ ಆಯಿತು.

"ನೋಡಿದ್ಯೇನೇ?" ಅಂದ. ಕೂಗಬೇಕಾಗಲಿಲ್ಲ.

"ಹೂಂ. ಚೆನ್ನಾಗಿದೆ" ಅಂದಳು.

ಸ್ವಲ್ಪ ದೂರ ಹೋಗಿರಬೇಕು. ಒಂದು ಸಣ್ಣ ಸದ್ದು ಬಂತು. ಸಣ್ಣಗೆ ಎಳೆದ ಹಾಗೆ, ಎಣ್ಣೆ ಇಲ್ಲದ ಬೇರಿಂಗು ಅಳುವ ಹಾಗೆ. ಜೀಪಣ್ಣನ ಕಿವಿ ನಿಮಿರಿತು. ಹಳೇ ಮಾಲು, ಒಳಗೆ ಏನೋ ಉಳಿದಿದೆ ಅಂದುಕೊಂಡ. ಎಕ್ಸಲೇಟರ್ ಬಿಟ್ಟು ನೋಡಿದ, ಸದ್ದು ಬದಲಾಗಲಿಲ್ಲ. ಒತ್ತಿ ನೋಡಿದ, ಆಗಲೂ ಇಲ್ಲ. ಗೇರಿನ ಸದ್ದಾಗಿದ್ದರೆ ಏರಬೇಕಿತ್ತು, ಇಲ್ಲಾ ಇಳಿಯಬೇಕಿತ್ತು. ಮರದ ನೆರಳಿಗೆ ನಿಲ್ಲಿಸಿ, ಕೆಳಗೆ ನುಗ್ಗಿ ಪೆಟ್ಟಿಗೆ ಮುಟ್ಟಿ ನೋಡಿದ. ಬಿಸಿ ಇರಲಿಲ್ಲ. ಎಣ್ಣೆ ಸೋರಿರಲಿಲ್ಲ.

"ಯಾಕ್ರೀ ನಿಲ್ಲಿಸಿದ್ರಿ?" ಒಳಗಿಂದ ಅವಳ ದನಿ.

"ಹೊಸ ಗೇರು ಏನೋ ಸದ್ದು ಮಾಡ್ತಿದೆ ಕಣೇ. ನಿನಗೂ ಕೇಳಿಸ್ತಾ?"

ಒಳಗೆ ಕಂಬಳಿ ಎಳೆದುಕೊಂಡ ಸದ್ದಾಯಿತು.

"ಇಲ್ಲ. ನಿದ್ದೆ ಹತ್ತಿತ್ತು."

ಮತ್ತೆ ಹೊರಟ. ಸ್ವಲ್ಪ ದೂರ ಸದ್ದಿಲ್ಲ. ರಿಪೇರಿ ಮಾಡಿ ತೇಪೆ ಹಾಕಿದ ರಸ್ತೆ ಬಂತು. ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು, ಸದ್ದು ಬಂತು. ಇನ್ನೊಂದು ಗುಂಡಿ, ಮತ್ತೆ ಬಂತು. ಈ ಸಲ ಅದುಮಿ ಹಿಡಿದ ಹಾಗಿತ್ತು, ಬಟ್ಟೆಯೊಳಗಿಂದ ಬಂದ ಹಾಗೆ. ಸದ್ದು ಕಾಲಡಿಯಿಂದ ಬರುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಬರುತ್ತಿತ್ತು.

ಜೀಪಣ್ಣ ಕತ್ತು ತಿರುಗಿಸಿ ನೋಡಿದ. ಅವಳು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದ್ದಳು. ಹಣೆಯ ನರ ಉಬ್ಬಿತ್ತು. ಇವನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ.

ಇಷ್ಟು ದಿನವೂ ಹೀಗೇ ಇತ್ತು ಅನ್ನುವುದು ಒಂದೇ ಏಟಿಗೆ ಹೊಳೆಯಿತು. ದಾರಿಯುದ್ದಕ್ಕೂ ಅವಳು ನಿದ್ದೆ ಮಾಡುತ್ತಿರಲಿಲ್ಲ. ಹುಯಿಲಿನ ಅಡಿಯಲ್ಲಿ ಮಲಗಿ ಬಾಯಿತುಂಬ ನರಳುತ್ತಿದ್ದಳು. ಮನೆಯಲ್ಲಿ ಗೋಡೆ ತೆಳು, ಆಸ್ಪತ್ರೆಯಲ್ಲಿ ಅಕ್ಕಪಕ್ಕ ಮಂಚ, ಕಾರಿನಲ್ಲಿ ತಮ್ಮ. ಗಂಡನಿಗೆ ಕೇಳಿಸದ ಹಾಗೆ ಅಳುವುದಕ್ಕೆ ಅವಳಿಗಿದ್ದ ಜಾಗ ಆ ಜೀಪು ಒಂದೇ. ಅದನ್ನೂ ಇವನು ನಮದೆ ಹಾಸಿ, ರಬ್ಬರ್ ಅಂಟಿಸಿ, ಹಲ್ಲಿಗೆ ಹಲ್ಲು ಕೂಡಿಸಿ ಕಿತ್ತುಕೊಂಡಿದ್ದ.

ಕ್ಲಚ್ಚು ತುಳಿದು ಲಿವರ್ ಹಿಂದಕ್ಕೆ ತಳ್ಳಿದ. ಎಂಜಿನ್ನು ಮತ್ತೆ ಹುಯಿಲಿಟ್ಟಿತು. ಗಾಜಿನ ಬಟ್ಟೆ ಕಿತ್ತು ಎಸೆದ. ಗಾಜು ಗಡಗಡ ಅಂದಿತು.

"ಯಾಕ್ರೀ?" ಅಂತ ಅವಳು ಕೂಗಿದಳು.

"ಸರಿಯಾಗಿ ಕೂತಿಲ್ಲ ಕಣೇ" ಅಂತ ಇವನೂ ಕೂಗಿದ. "ನನ್ನ ಕೈಲಾಗ್ಲಿಲ್ಲ."

ಅವಳು ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ. ತಲೆಯಾಡಿಸಿದ.

ಆಸ್ಪತ್ರೆಯ ಮುಂದೆ ಬಾಗಿಲು ತೆಗೆದಾಗ, ಒಳ್ಳೇ ನಿದ್ದೆ ಬಂತು ಎಂದಳು. ಹೌದಾ, ಒಳ್ಳೇದಾಯ್ತು ಎಂದ. ಅವತ್ತು ಸಂಜೆಯೇ ಬಾಗಿಲ ರಬ್ಬರ್ ಕಿತ್ತು, ನಮದೆ ಸುತ್ತಿ ಅಟ್ಟಕ್ಕೆ ಹಾಕಿದ. ಪೆಟ್ಟಿಗೆ ಅಲ್ಲೇ ಉಳಿಯಿತು. ಕೆಲಸ ಕೆಟ್ಟಿತು ಅಂತ ಜೀಪಣ್ಣ ಮೊದಲ ಸಲ ಒಪ್ಪಿಕೊಂಡಾಗ ಲೇತಿನವನು ಛೇಡಿಸಲು ಬಾಯಿ ತೆರೆದ. ಅವನ ಮುಖ ನೋಡಿ ಹಾಗೇ ಮುಚ್ಚಿಕೊಂಡ.

ಆಮೇಲಿನ ಸಲವೆಲ್ಲಾ ಅವನು ಬೇಕೆಂದೇ ಕೆಳಗಿನ ಗೇರಿನಲ್ಲಿ ಎಂಜಿನ್ನನ್ನು ಕಿರುಚಿಸಿಕೊಂಡು ಓಡಿಸಿದ. ದಾರಿ ಉದ್ದವಾಯಿತು. ಅದಕ್ಕೆ ಅವನ ಬಳಿ ಉಪಾಯ ಇರಲಿಲ್ಲ. ಕಿವಿ ಮಾತ್ರ ಕೆಟ್ಟುಹೋಯಿತು. ಆ ಹುಯಿಲಿನೊಳಗಿಂದಲೂ ಅವಳ ಸದ್ದನ್ನು ಹೆಕ್ಕಿ ತೆಗೆಯುವುದನ್ನು ಅದು ಕಲಿತುಬಿಟ್ಟಿತ್ತು. ಕೇಳಬಾರದು ಅಂದರೂ ಕೇಳುತ್ತಿತ್ತು. ಬಾಗಿಲು ತೆಗೆದಾಗ ಅವಳು ನಿದ್ದೆಯ ಮಾತು ಹೇಳುತ್ತಿದ್ದಳು, ಇವನು ಹೂಂ ಅನ್ನುತ್ತಿದ್ದ.

ಒಂದು ಸಲ ಹೋದವಳು ಆಸ್ಪತ್ರೆಯಲ್ಲೇ ಹೋಗಿಬಿಟ್ಟಳು. ಅವಳನ್ನು ಅದೇ ಹಾಸಿಗೆಯ ಮೇಲೆ ಮಲಗಿಸಿ, ಅದೇ ಕಂಬಳಿ ಹೊದಿಸಿ ವಾಪಸು ಹೊರಟರು. ಭಾಮೈದ ಮುಂದೆ ಪಕ್ಕದಲ್ಲಿ ಕೂತಿದ್ದ. ಅತ್ತೂ ಅತ್ತೂ ಅವನ ಮುಖ ಊದಿಕೊಂಡಿತ್ತು. ಹೊಸ ಲಿವರಿನ ಮೇಲೆ ಕಣ್ಣು ಬಿದ್ದು, ಭಾವನ ಕಿವಿಗೆ ಬಾಯಿಟ್ಟು ಹೇಳಿದ.

"ಇವತ್ತಾದ್ರೂ ಅದನ್ನ ಹಾಕಿ ಭಾವ. ಅಕ್ಕ ನೆಮ್ಮದಿಯಾಗಿ ಬರ್ಲಿ."

ಜೀಪಣ್ಣ ತಲೆಯಾಡಿಸಿದ. ಲಿವರ್ ಮುಟ್ಟಲಿಲ್ಲ. ಎಕ್ಸಲೇಟರ್ ಒತ್ತಿದ. ತಗಡು, ಬಾಗಿಲು, ಗಾಜು ಎಲ್ಲಾ ಒಟ್ಟಿಗೆ ಗಡಗಡ ಅಂದವು. ಅವನು ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಬಾಯಿತುಂಬ ಅತ್ತ.

ಪಕ್ಕದಲ್ಲಿದ್ದ ಭಾಮೈದನಿಗೆ ಏನೂ ಕೇಳಿಸಲಿಲ್ಲ.