ತಿಮ್ಮಕ್ಕನ ಕೂಗು, ಸಿನಿಮಾದ ಹಾಡು

ಸೊರಬದ ಬಸ್ ನಿಲ್ದಾಣದ ಎದುರಿಗೇ ಗಂಗಾಶ್ರೀಯ ಹೊಲಿಗೆ ಅಂಗಡಿ. ಶಿಕಾರಿಪುರದಿಂದ ಮದುವೆಯಾಗಿ ಬಂದವಳು. ಹೊಲಿಯುವಷ್ಟು ಹೊತ್ತೂ ಮೊಬೈಲಿನಲ್ಲಿ ಸಿನಿಮಾ ಹಾಡು ಹಾಡುತ್ತಲೇ ಇರಬೇಕು. ಯಾವ ಹಾಡು ಎಲ್ಲಿಂದ ಹುಟ್ಟಿರಬಹುದೆಂದು ಊಹಿಸುವುದು ಅವಳ ಖಯಾಲಿ. ಒಂದು ವಿರಹಗೀತೆ ಕೇಳಿ, "ಬರೆದವ್ರಿಗೆ ಹಲ್ಲುನೋವು ಇತ್ತು. ಸಾಲ್‌ಸಾಲಿಗೂ ನಿದ್ದೆ ಇಲ್ಲ ಅಂತಾರೆ ನೋಡಿ" ಎಂದಿದ್ದಳು. ರವಿಕೆ ಅಳತೆ ಕೊಡಲು ಬಂದವರು ಕೂತು, ನಕ್ಕು ಹೋಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಒಂದು ಹೊಸ ಹಾಡು. ಅದರ ಪಲ್ಲವಿ ಎಳೆದೆಳೆದು ಮೇಲಕ್ಕೇರುತ್ತಿತ್ತು. ಅದು ಹಾಡುತ್ತಿದ್ದಾಗಲೇ ಹೊರಗೆ, ಕುಬಟೂರಿನಿಂದ ಹೂವು ತಂದು ಮಾರುವ ತಿಮ್ಮಮ್ಮ "ಮಲ್ಲ್‌ಗೇ… ಅಬ್ಬಲ್‌ಗೇ…" ಎಂದು ಕೂಗಿದಳು. ಗಂಗಾಶ್ರೀ ಮಿಷನ್ ನಿಲ್ಲಿಸಿದಳು.

"ಸಂಗೀತ ಮಾಡಿದವ್ರು ಇಲ್ಲೇ ಬಸ್ಸಲ್ಲಿ ಕೂತಿದ್ರು ಕಣೇ ದಿವ್ಯ. ತಿಮ್ಮಕ್ಕನ ಕೂಗು ಕೇಳ್ಕೊಂಡು ಹೋಗೇ ಈ ಹಾಡು ಮಾಡಿದಾರೆ."

ಅಳತೆಗೆ ಬಂದಿದ್ದ ಕಾಲೇಜು ಹುಡುಗಿ ದಿವ್ಯ ಕೂಗನ್ನೂ ಹಾಡನ್ನೂ ಸೇರಿಸಿ ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದಳು. ಮಾರನೆಯ ದಿನದಿಂದ ಕಾಲೇಜಿನವರು ಹೂವಿನ ಬುಟ್ಟಿಯ ಸುತ್ತ ಮೊಬೈಲ್ ಹಿಡಿದು ನಿಂತರು. "ಅಜ್ಜಿ, ಒಂದ್ಸಲ ಕೂಗಿ." ವಾರ ಕಳೆಯುವುದರೊಳಗೆ ತಿಮ್ಮಮ್ಮ ಕೂಗುವುದನ್ನೇ ಬಿಟ್ಟಳು. ಬಸ್ಸುಗಳು ಬಂದು ಹೋದವು. ಹೂವು ಬುಟ್ಟಿಯಲ್ಲೇ ಬಾಡಿತು.

ಗಂಗಾಶ್ರೀಯ ಕೈಗೆ ಕೆಲಸ ಹತ್ತಲಿಲ್ಲ. ಎದ್ದು ಹೋಗಿ ತಿಮ್ಮಮ್ಮನ ಪಕ್ಕದಲ್ಲಿ ಕೂತಳು.

"ಯಾಕೆ ತಿಮ್ಮಕ್ಕ, ಸುಮ್ನೆ ಕೂತಿದೀಯ?"

"ಎಲ್ರೂ ನನ್ ಬಾಯಿ ನೋಡ್ತಾರೆ ಮಾರಾಯ್ತಿ, ಹೂವು ನೋಡಲ್ಲ. ಕೂಗಕ್ಕೆ ನಾಚ್ಕೆ ಆಗ್ತದೆ."

"ನಾನು ತಮಾಷೆಗೆ ಹೇಳಿದ್ದು. ತಪ್ಪಾಯ್ತು."

"ಅದ್ಯಾವ ಹಾಡು ಅಂತ ನಂಗೇ ಗೊತ್ತಿಲ್ಲ."

ಅವಳಿಗೆ ಅದನ್ನು ಯಾರೂ ಕೇಳಿಸಿಯೇ ಇರಲಿಲ್ಲ. ಗಂಗಾಶ್ರೀ ಅಂಗಡಿಗೆ ಕರೆತಂದು, ಸ್ಟೂಲಿನ ಮೇಲೆ ಕೂರಿಸಿ ಹಾಡು ಹಾಕಿದಳು. ತಿಮ್ಮಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಇನ್ನೊಂದು ಸಲ ಹಾಕಿಸಿದಳು.

"ಇದು ನಂದಲ್ಲ ಬಿಡು. ಇವ್ನು ದನಿ ಏರ್ಸಿ ಅಲ್ಲೇ ಬಿಟ್ಬಿಡ್ತಾನೆ. ನಾನು ಕೊನೇಲಿ ಇಳಿಸ್ತೀನಿ. ಇಳಿಸಿದ್ರೇ ಜನ ಹತ್ರ ಬರೋದು." ಸ್ಟೂಲಿನಿಂದ ಏಳುತ್ತ, "ಚೆನ್ನಾಗೇನೋ ಹಾಡ್ತಾನೆ, ಪಾಪ" ಎಂದಳು.

ಗಂಗಾಶ್ರೀಗೆ ನಗು ತಡೆಯಲಾಗಲಿಲ್ಲ. ತಿಮ್ಮಮ್ಮನೂ ನಕ್ಕಳು.

ಸಂಜೆ ಕಾಲೇಜಿನವರು ಮತ್ತೆ ಬಂದರು. "ಆ ಹಾಡು ನಂದಲ್ಲ ಕಣ್ರೋ, ಕೇಳಿ ನೋಡಿದೀನಿ. ಹೂವು ಬೇಕಾದ್ರೆ ನಿಲ್ರಿ" ಎಂದಳು ತಿಮ್ಮಮ್ಮ. ಅಷ್ಟರಲ್ಲಿ ಆನವಟ್ಟಿಯ ಬಸ್ಸು ಒಳಗೆ ಬಂತು. ಅವಳು ಬುಟ್ಟಿ ಎತ್ತಿಕೊಂಡು ಕಿಟಕಿಗಳ ಕಡೆ ನಡೆಯುತ್ತ ಕೂಗತೊಡಗಿದಳು. ಗಂಗಾಶ್ರೀ ಮೊಬೈಲಿನ ಸದ್ದು ತಗ್ಗಿಸಿ ಮಿಷನ್ ತುಳಿದಳು.