‘ಸ’ ಅಕ್ಷರಕ್ಕೆ ಜಾಗ

ನಮ್ಮ ದೊಡ್ಡಮ್ಮ ನಲವತ್ತಾರನೇ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಸೇರಿದಾಗ ಮನೆಯವರೆಲ್ಲ ನಕ್ಕಿದ್ದರು. ಅದುವರೆಗೆ ಇಪ್ಪತ್ತೆರಡು ವರ್ಷ ಅವಳು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿಕೊಂಡಿದ್ದಳು. ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದವು. “ಕೂತು ಮಾಡೋ ಕೆಲಸ ನೋಡ್ಕೊಳ್ಳಿ, ಇಲ್ಲಾಂದ್ರೆ ಕಾಲು ಕೈ ಕೊಡತ್ತೆ” ಎಂದರು ವೈದ್ಯರು. “ಕಾಲು ಹೇಗೆ ಕೈ ಕೊಡತ್ತೆ ಡಾಕ್ಟ್ರೇ?” ಎಂದು ಅವರನ್ನೂ ನಗಿಸಿ ಬಂದಳು.

ಲಾಂಡ್ರಿಗೆ ಬಿಳಿ ಕೋಟು ಕೊಡುತ್ತಿದ್ದವರಲ್ಲಿ ಕಟ್ಟುಹಲ್ಲು ತಯಾರಿಸುವ ಲ್ಯಾಬಿನ ಯಜಮಾನರೂ ಒಬ್ಬರು. ಏನು ಹೇಳಿದರೂ ಎರಡೆರಡು ಸಲ ಹೇಳುತ್ತಿದ್ದರಿಂದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ತೆಳ್ಳನೆಯ ಲೇಸಿನ ಬಟ್ಟೆಯ ಒಂದು ಎಳೆಯೂ ಸುಡದಂತೆ ದೊಡ್ಡಮ್ಮ ಇಸ್ತ್ರಿ ಎಳೆಯುವುದನ್ನು ಅವರು ಕಂಡಿದ್ದರು.

“ಬಿಸಿ ಎಲ್ಲಿ ಮುಟ್ಟಿಸ್ಬೇಕು, ಎಲ್ಲಿ ಬಿಡ್ಬೇಕು ಅಂತ ನಿಮ್ಮ ಕೈಗೆ ಗೊತ್ತು. ನಮ್ಮಲ್ಲಿಗೆ ಬನ್ನಿ. ನಮ್ಮಲ್ಲಿಗೆ ಬನ್ನಿ ಅಂದೆ.”

ಔಷಧಿ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳೇ ಲ್ಯಾಬು. ಒಂದರ ತುಂಬ ಪ್ಲಾಸ್ಟರಿನ ಧೂಳು. ಇನ್ನೊಂದರಲ್ಲಿ ಕಿಟಕಿಯ ಉದ್ದಕ್ಕೂ ಮೇಜು, ಸ್ಪಿರಿಟ್ ದೀಪಗಳು, ಗುಲಾಬಿ ಮೇಣದ ಹಾಳೆಗಳು. ದಂತವೈದ್ಯರು ಕಳಿಸಿದ ಅಚ್ಚಿನಿಂದ ಪ್ಲಾಸ್ಟರ್ ದವಡೆ ಮಾಡಿ, ಅದರ ಮೇಲೆ ಮೇಣದ ಒಸಡು ಕಟ್ಟಿ ಹಲ್ಲು ಜೋಡಿಸುತ್ತಾರೆ. ಅದನ್ನು ವೈದ್ಯರು ರೋಗಿಯ ಬಾಯಲ್ಲಿಟ್ಟು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮೇಣ ಕರಗಿಸಿ ಆ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ತುಂಬುವುದು. ದೊಡ್ಡಮ್ಮನ ಪಾಲಿಗೆ ಬಂದದ್ದು ಆ ಮೇಣಕ್ಕೆ ಹೊಳಪು ಕೊಡುವ ಕೆಲಸ.

“ಮೇಣ ಒರಟಾಗಿದ್ರೆ ಪ್ಲಾಸ್ಟಿಕ್ಕೂ ಒರಟೇ. ನಾಲಿಗೆಗಿಂತ ದೊಡ್ಡ ಇನ್ಸ್‌ಪೆಕ್ಟರ್ ಯಾರೂ ಇಲ್ಲ” ಎಂದ ಮೇಷ್ಟ್ರು ಅದನ್ನೇ ಇನ್ನೊಮ್ಮೆ ಹೇಳಿದರು.

ಮೊದಲ ದಿನ ದೊಡ್ಡಮ್ಮ ಇಸ್ತ್ರಿಯ ಧೈರ್ಯದಲ್ಲೇ ಮೇಣಕ್ಕೆ ದೀಪದ ಉರಿ ಹಿಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಒಸಡು ಬೆವರಿತು, ಮುಂದಿನ ನಾಲ್ಕು ಹಲ್ಲು ಮೆಲ್ಲಗೆ ಒಂದರ ಹೆಗಲಿಗೆ ಒಂದು ಒರಗಿದವು. “ನನ್ನ ಹಲ್ಲೆಲ್ಲ ನಿದ್ದೆ ಹೋದ್ವು ಕಣೇ” ಎಂದು ಸಂಜೆ ನನ್ನ ಮುಂದೆ ಹೇಳಿಕೊಂಡಳು. ಹೇಳುವಾಗ ನಗುತ್ತಿದ್ದಳು, ಆದರೆ ಕೈ ಸೆರಗನ್ನು ಹಿಂಡುತ್ತಿತ್ತು.

ಸೋತು ಕೂರುವ ಜಾಯಮಾನ ಅವಳದಲ್ಲ. ಬಿಸಾಡಿದ ಮೇಣದ ಮಾದರಿಗಳನ್ನು ಮನೆಗೆ ತಂದು ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸಕ್ಕೆ ಕೂತಳು. ಉರಿಯನ್ನು ನಿಲ್ಲಿಸದೆ, ಹಕ್ಕಿಯ ನೆರಳು ಹಾದುಹೋದಂತೆ ಹಾಯಿಸಬೇಕು. ಆಮೇಲೆ ತಣ್ಣೀರು. ನಂತರ ಸೋಪಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒಂದೇ ದಿಕ್ಕಿಗೆ ಉಜ್ಜಬೇಕು. ಕೊನೆಗೆ ನೈಲಾನ್ ಬಟ್ಟೆ. ಅದಕ್ಕಾಗಿ ನನ್ನ ಶಾಲೆಯ ಕಾಲುಚೀಲಗಳು ಒಂದೊಂದಾಗಿ ಮಾಯವಾದವು. ಅಮ್ಮ ರೇಗಿದರೆ, “ನಿನ್ನ ಮಗಳ ಕಾಲಿಗಿಂತ ಜನರ ಬಾಯಿ ಮುಖ್ಯ” ಎನ್ನುವಳು.

ಎರಡು ವರ್ಷದಲ್ಲಿ ಅವಳ ಕೈಯ ಹೊಳಪು ದಂತವೈದ್ಯರ ನಡುವೆ ಮನೆಮಾತಾಯಿತು. ದೊಡ್ಡಮ್ಮನಿಗೂ ಒಂದಿಷ್ಟು ಜಂಬ ಬಂತು. ಆಗಲೇ ಒಂದು ಕ್ಲಿನಿಕ್ಕಿಗೆ ಕಳಿಸಿದ್ದ ಮೇಣದ ಮೇಲ್ದವಡೆ ವಾಪಸು ಬಂದದ್ದು.

ಜೊತೆಗಿದ್ದ ಚೀಟಿಯಲ್ಲಿ ‘ಮಾತು ಸರಿಯಿಲ್ಲ’ ಎಂದಿತ್ತು. ಮೇಷ್ಟ್ರು ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದರು, ದೊಡ್ಡಮ್ಮ ಮತ್ತೆ ಹೊಳಪಿಸಿದಳು. ಮತ್ತೆ ವಾಪಸು. ಮುಂದೆ ಸರಿಸಿದರು. ಮೂರನೇ ಸಲವೂ ಅದೇ ಚೀಟಿ.

“ನಾನೇ ಹೋಗಿ ನೋಡ್ಲಾ?” ಎಂದಳು ದೊಡ್ಡಮ್ಮ.

“ಲ್ಯಾಬಿನವರು ಯಾವತ್ತೂ ರೋಗಿ ಹತ್ರ ಹೋಗಿದ್ದಿಲ್ಲ. ಹೋಗಿದ್ದಿಲ್ಲ ಅಂದೆ.”

“ಇಷ್ಟು ಬಾಯಿಗೆ ಕೆಲಸ ಮಾಡಿದೀನಿ, ಒಂದಾದ್ರೂ ಮುಖ ನೋಡ್ಬೇಡ್ವಾ ಮೇಷ್ಟ್ರೇ?”

ಮೇಷ್ಟ್ರು ಮೊದಲ ಬಾರಿಗೆ ಒಂದೇ ಸಲ ಹೇಳಿದರು: “ಹೋಗ್ಬನ್ನಿ.”

ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಿದ್ದವರು ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವ ಹೆಂಗಸು. ಮೆಟ್ಟಿಲಿಂದ ಬಿದ್ದು ಮೇಲಿನ ಹಲ್ಲುಗಳನ್ನೆಲ್ಲ ಕಳೆದುಕೊಂಡಿದ್ದರು. ನಾಲ್ಕು ತಿಂಗಳಿಂದ ಅವರನ್ನು ಮೈಕಿನ ಮುಂದಿನಿಂದ ಎಬ್ಬಿಸಿ ಹಿಂದಿನ ಕೋಣೆಯಲ್ಲಿ ಕಾಗದ ಜೋಡಿಸಲು ಕೂರಿಸಿದ್ದರಂತೆ. ಮೇಣದ ಹಲ್ಲು ಹಾಕಿಕೊಂಡು, ಕರವಸ್ತ್ರ ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

“ಥಂಜೆ ಅನ್ನತ್ತೆ ನೋಡಿ. ಥಂಜೆ ರೈಲು ಅಂದ್ರೆ ಜನ ನಗಲ್ವಾ?” ಎಂದರು. ಅವರ ಕಣ್ಣು ತುಂಬಿತ್ತು.

“ನಾಲಿಗೆ ಎಲ್ಲಿ ತಾಗ್ತಿದೆ ಅಮ್ಮ?” ಎಂದು ಕೇಳಿದಳು ದೊಡ್ಡಮ್ಮ.

“ಮೇಲ್ಗಡೆ, ಹಲ್ಲಿನ ಹಿಂದೆ. ಅಲ್ಲಿ ಜಾಗವೇ ಇಲ್ಲ. ಕನ್ನಡಿ ಮೇಲೆ ಕಾಲು ಜಾರಿದ ಹಾಗೆ.”

ದೊಡ್ಡಮ್ಮ ತನ್ನ ಅಂಗುಳಕ್ಕೆ ನಾಲಿಗೆ ಒತ್ತಿ ನೋಡಿಕೊಂಡಳು. ಹಲ್ಲಿನ ಹಿಂದೆಯೇ ಸಣ್ಣ ಸಣ್ಣ ಏಣುಗಳು, ನೀರು ಸರಿದ ಮರಳಿನ ಹಾಗೆ. ಮಾದರಿಯಲ್ಲಿದ್ದ ಅಂಥ ಏಣುಗಳ ಮೇಲೆ ಮೇಣ ಸವರಿ ಸವರಿ, ಕನ್ನಡಿಯಂತೆ ಸಪಾಟು ಮಾಡಿದ್ದು ತಾನೇ. ಹೊಳಪು ಹೆಚ್ಚಲೆಂದು ಹಾಕಿದ ಒಂದೊಂದು ಪದರವೂ ಆ ನಾಲಿಗೆಯ ಜಾಗವನ್ನು ನುಂಗಿತ್ತು.

“ತಪ್ಪು ಹಲ್ಲಿಂದಲ್ಲ, ಡಾಕ್ಟರಮ್ಮ. ನಂದು” ಎಂದು ಪಕ್ಕದಲ್ಲಿ ನಿಂತಿದ್ದ ದಂತವೈದ್ಯೆಗೆ ಹೇಳಿದಳು. ಹೇಳುವಾಗ ಕಿವಿಯವರೆಗೂ ಬಿಸಿಯೇರಿತ್ತಂತೆ. “ಒಂದು ಚಾಕು, ಒಂದು ದೀಪ ಕೊಡ್ತೀರಾ?”

ಡಾಕ್ಟರಮ್ಮ ಬೇಸರಿಸಲಿಲ್ಲ. ಮೇಣದ ಒಳಮೈಗೆ ಬಿಳಿ ಪುಡಿ ಉದುರಿಸಿ ಬಾಯಲ್ಲಿಟ್ಟು ‘ಸ’ ಹೇಳಿಸಿದರು. ಹೊರತೆಗೆದಾಗ ನಾಲಿಗೆ ತಾಗಿದಲ್ಲೆಲ್ಲ ಪುಡಿ ಅಳಿಸಿತ್ತು. ದೊಡ್ಡಮ್ಮ ಅಲ್ಲಲ್ಲಿಯೇ ಮೇಣ ಹೆರೆದಳು. ಮತ್ತೆ ಪುಡಿ, ಮತ್ತೆ ‘ಸ’, ಮತ್ತೆ ಚಾಕು. ಮೇಣ ತೆಳುವಾದ ಮೇಲೆ ಚಾಕುವಿನ ತುದಿಯಿಂದ ಆ ಸಣ್ಣ ಏಣುಗಳನ್ನು ಮತ್ತೆ ಎಬ್ಬಿಸಿ, ಅವು ಅಳಿಯದಂತೆ ಉರಿ ಹಾಯಿಸಿ, ತಣ್ಣೀರಲ್ಲಿ ಅದ್ದಿ, ಕೈಚೀಲದಿಂದ ಕಾಲುಚೀಲದ ತುಂಡು ತೆಗೆದು ಉಜ್ಜಿದಳು. ಹೊಳಪು ಏಣುಗಳ ಬೆನ್ನಿನ ಮೇಲೂ ಕೂತಿತು.

ಹೆಂಗಸು ಅದನ್ನು ಬಾಯಲ್ಲಿಟ್ಟುಕೊಂಡರು. ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. “ಸಂಜೆ ಐದು ಇಪ್ಪತ್ತಾರರ ಪ್ಯಾಸೆಂಜರ್ ರೈಲು ಸುಮಾರು ಹತ್ತು ನಿಮಿಷ ತಡವಾಗಿ ಸಾಗಲಿದೆ. ಪ್ರಯಾಣಿಕರು ಸಹಕರಿಸಬೇಕು.”

ಹೊರಗೆ ಕಾಯುತ್ತಿದ್ದ ಒಬ್ಬ ಮುದುಕ ಗಾಬರಿಯಿಂದ ಗಡಿಯಾರ ನೋಡಿಕೊಂಡನಂತೆ. ಹೆಂಗಸಿನ ಕರವಸ್ತ್ರ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವ ನೆನಪು ಅವರಿಗಿರಲಿಲ್ಲ.

ಅಂದಿನಿಂದ ಪ್ರತಿ ಮಂಗಳವಾರ ದೊಡ್ಡಮ್ಮ ಕ್ಲಿನಿಕ್ಕಿಗೆ ಹೋಗುತ್ತಾಳೆ. ಮೇಣವಿನ್ನೂ ಮೆತ್ತಗಿರುವಾಗಲೇ ಬಾಯಿ ನೋಡಿ, ಮಾತಾಡಿಸಿ, ಆಮೇಲೆ ಹೊಳಪಿಗೆ ಕೈ ಹಾಕುತ್ತಾಳೆ. ಈಗ ಅವಳ ಕೈಕೆಳಗೆ ಇಬ್ಬರು ಹೆಂಗಸರು ಕಲಿಯುತ್ತಿದ್ದಾರೆ.

ಪ್ರಕಟಣೆಯ ಹೆಂಗಸು ಮೈಕಿಗೆ ಮರಳಿದ ವಾರ ದೊಡ್ಡಮ್ಮನನ್ನೂ ನನ್ನನ್ನೂ ತಮ್ಮ ಗಾಜಿನ ಕೋಣೆಗೆ ಕರೆದರು. ಕೆಳಗೆ ಪ್ಲಾಟ್‌ಫಾರ್ಮಿನ ತುಂಬ ಜನ. “ಇದಿನ್ನೂ ಆಫಲ್ಲೇ ಇದೆ, ಹೆದರ್ಬೇಡಿ. ಏನಾದ್ರೂ ಹೇಳಿ” ಎಂದು ಮೈಕನ್ನು ದೊಡ್ಡಮ್ಮನ ಕಡೆ ತಿರುಗಿಸಿದರು. ಮನೆಯಲ್ಲಿ ಬಾಯಿಗೆ ಬೀಗವೇ ಇಲ್ಲದ ದೊಡ್ಡಮ್ಮ ಮೈಕನ್ನು ನೋಡಿದಳು, ನನ್ನನ್ನು ನೋಡಿದಳು, ಒಂದಕ್ಷರವೂ ಹೊರಡದೆ ಸುಮ್ಮನೆ ನಗುತ್ತ ಕೂತುಬಿಟ್ಟಳು.