ಬಾಯಿ ಚಿನ್ನಮ್ಮನದು, ಕಣ್ಣು ಎಲ್ಲರದು

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಭದ್ರಾವತಿಯ ಒಂದು ಹೈಸ್ಕೂಲಿಗೆ ಹೊಸದಾಗಿ ಬಂದ ಚಿನ್ನಮ್ಮ ಟೀಚರ್ ಅಂದರೆ ಮಕ್ಕಳಿಗೆ ಪ್ರಾಣ, ಹೆಡ್‌ಮಾಸ್ತರಿಗೆ ತಲೆನೋವು. ಸ್ಕೂಲಿನಲ್ಲಿ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಅದನ್ನು ಬೀರುವಿನಿಂದ ತೆಗೆದು ಕಿಟಕಿಯ ಪಕ್ಕ ಇಟ್ಟರೆ ಟೀಚರ್ ಕಾನೂನು ಒಂದೇ. ಯಾರು ಈರುಳ್ಳಿ ತಂದರೋ, ಯಾರು ತಮ್ಮ ಕೆನ್ನೆಯ ಒಳಮೈ ಕೆರೆದು ಕೊಟ್ಟರೋ, ಮೊದಲು ಅವರು ನೋಡಬೇಕು, ಆಮೇಲೆ ಮಿಕ್ಕವರು. ಒಂದು ದಿನ ಹೆಡ್‌ಮಾಸ್ತರು ಈಶ್ವರಪ್ಪನವರು "ಎಲ್ಲಿ, ನಾನೊಂದು ಸಲ ನೋಡ್ತೀನಿ" ಅಂತ ಮುಂದೆ ಬಂದರು. "ನೋಡಿ ಸಾರ್, ಅದಕ್ಕೇನಂತೆ. ಆದರೆ ಕೊಟ್ಟೋನು ಇನ್ನೂ ನೋಡಿಲ್ಲ. ಸಾಲಲ್ಲಿ ನಿಂತ್ಕೊಳ್ಳಿ" ಅಂದುಬಿಟ್ಟರು ಟೀಚರ್. ಹೆಡ್‌ಮಾಸ್ತರು ನಿಂತುಕೊಂಡರು, ಪಾಪ, ಇನ್ನೇನು ಮಾಡ್ತಾರೆ?

ಎಷ್ಟು ಜಂಬ ನೋಡು ಅಂತ ಸ್ಟಾಫ್ ರೂಮಿನಲ್ಲಿ ಮೂಗು ಮುರಿದವರಿದ್ದರು. ಜಂಬವಂತೆ, ಜಂಬ! ಕೆಲವು ವರ್ಷದ ಹಿಂದೆ ಶಿವಮೊಗ್ಗೆಯಲ್ಲಿ ಆ ಹುಡುಗಿಗೆ ಏನಾಯಿತು ಅಂತ ಗೊತ್ತಿದ್ದರೆ ಅವರ ಮೂಗು ಅದರ ಪಾಡಿಗೆ ನೆಟ್ಟಗೆ ಇರುತ್ತಿತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಕೇಳಿ.

ಚಿನ್ನಮ್ಮನ ಅಪ್ಪ ಭೂತಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆಂದವನು. ಅವ್ವ ಯಲ್ಲಮ್ಮ ಇದ್ದಿಲು ಹೊರುವ ಹೆಂಗಸರ ಗುಂಪಿನಲ್ಲಿದ್ದಳು. ಸರ್ಕಾರಿ ಕಾಗದದಲ್ಲಿ ಅವರನ್ನು ಹರಿಜನರು ಅಂತ ಬರೆಯುತ್ತಿದ್ದರು. ಊರ ಹೋಟೆಲಿನಲ್ಲಿ ಏನನ್ನೂ ಬರೆಯುತ್ತಿರಲಿಲ್ಲ, ಕಾಫಿಯ ಲೋಟವನ್ನು ಬೇರೆ ಮೊಳೆಗೆ ನೇತುಹಾಕುತ್ತಿದ್ದರು, ಅಷ್ಟೆ. ಇಂಥ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಾಗ ಭೂತಪ್ಪ ಕಾರ್ಮಿಕರ ಲೈನಿನ ಮನೆಮನೆಗೂ ಬೆಲ್ಲ ಹಂಚಿದ. ಅರವತ್ತೊಂದರ ಜೂನಿನಲ್ಲಿ ಅವಳು ಶಿವಮೊಗ್ಗೆಯ ಕಾಲೇಜೊಂದಕ್ಕೆ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಕಾಲೇಜಿನ ಹೆಸರು ಕಟ್ಟಿಕೊಂಡು ನಮಗೇನಾಗಬೇಕು, ಬಿಡಿ. ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ವಾಪಸು ಬರುವುದು.

ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷಿನ ಪಾಠ ಕಬ್ಬಿಣದ ಕಡಲೆಯಾಗಿತ್ತು. ಆದರೂ ಜೀವಶಾಸ್ತ್ರದ ಪುಸ್ತಕದ ಮೊದಲ ಅಧ್ಯಾಯ ಅವಳನ್ನು ಹಿಡಿದುಕೊಂಡುಬಿಟ್ಟಿತು. ಮರ, ಹಸು, ಮನುಷ್ಯ, ಎಲ್ಲದರ ಮೈಯೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆದದ್ದಂತೆ. ಪ್ರತಿ ಕೋಶಕ್ಕೂ ಒಂದು ಪೊರೆಯಂತೆ, ಒಳಗೊಂದು ನ್ಯೂಕ್ಲಿಯಸ್ ಅಂತೆ. ಆವತ್ತು ಸಂಜೆ ಅವಳು ಒಲೆಯ ಮುಂದೆ ಕೂತು ಅವ್ವನಿಗೆ ಅದನ್ನೆಲ್ಲ ಹೇಳಿದಳು.

ಯಲ್ಲಮ್ಮ ಮುದ್ದೆ ತೊಳಸುತ್ತಿದ್ದ ಕೋಲು ಹಿಡಿದುಕೊಂಡೇ ಕೇಳಿದಳು. "ನನ್ನ ಮೈಯಾಗೂ ಐತೇನೇ ಅದು?"

"ಹೂಂ ಅವ್ವಾ. ನಿನ್ನ ಮೈಯಲ್ಲೂ ಐತೆ, ನನ್ನ ಮೈಯಲ್ಲೂ ಐತೆ."

"ನೀನು ನೋಡಿದ್ಯಾ?"

"ಇಲ್ಲ. ಬುಕ್ಕಲ್ಲಿ ಬರೆದವ್ರೆ."

"ಬುಕ್ಕಲ್ಲಿ ಬರ್ದಿದ್ದೆಲ್ಲಾ ನಿಜಾನಾ? ನಮ್ಮ ಬಗ್ಗೆ ಏನೇನೋ ಬರ್ದವ್ರಂತೆ ಬುಕ್ಕಲ್ಲಿ. ನೀನು ಕಣ್ಣಾರೆ ನೋಡ್ಕೊಂಬಂದು ಹೇಳು, ಆಗ ನಂಬ್ತೀನಿ."

ಅವ್ವ ಹಾಗೆ ಅಂದದ್ದೇ ಹುಡುಗಿಗೆ ಹಟ ಹತ್ತಿತು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಮನುಷ್ಯನ ಕೋಶವನ್ನು ನೋಡಬೇಕು, ಬಂದು ಅವ್ವನಿಗೆ ಹೇಳಬೇಕು. ಆ ವರ್ಷ ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಪಾಠ ಮಾಡುತ್ತಿದ್ದವರು ಶಿವಯೋಗಪ್ಪ ಅಂತ, ಖಾದಿ ಜುಬ್ಬದ ಲೆಕ್ಚರರು. ಒಳ್ಳೆಯ ಮಾತುಗಾರ. ಅವರು ಬಾಯಿ ತೆರೆದರೆ ಹುಡುಗರು ಆಕಳಿಸುವುದನ್ನೂ ಮರೆತು ಕೂರುತ್ತಿದ್ದರು. ಪ್ರಾಕ್ಟಿಕಲ್ಲಿನ ಮೊದಲ ದಿನ ಈರುಳ್ಳಿ ಸಿಪ್ಪೆ ನೋಡುವುದಿತ್ತು, ಲ್ಯಾಬಿಗೆಲ್ಲ ಒಂದೇ ಮೈಕ್ರೋಸ್ಕೋಪು. ಹುಡುಗರ ಹಿಂದೆ ಹುಡುಗಿಯರ ಸಾಲು, ಅದರಲ್ಲಿ ಚಿನ್ನಮ್ಮನನ್ನು ಕೊನೆಗೆ ನಿಲ್ಲಿಸಿದರು. ಅವಳು ಏನೂ ಅಂದುಕೊಳ್ಳಲಿಲ್ಲ, ಯಾರಾದರೂ ಕೊನೆಗೆ ನಿಲ್ಲಲೇಬೇಕಲ್ಲ. ಅವಳು ನೋಡಿ ಎದ್ದ ಮೇಲೆ ಲ್ಯಾಬಿನ ಅಟೆಂಡರ್ ಪುಟ್ಟಪ್ಪ ಬಂದು ಕಣ್ಣಿಡುವ ಗಾಜಿಗೆ ಸ್ಪಿರಿಟ್ ಹಾಕಿ ಒರೆಸಿದ. ಕೆಲಸ ಮುಗಿದ ಮೇಲೆ ಒರೆಸಿಡುತ್ತಾರೇನೋ ಅಂದುಕೊಂಡು ಅವಳು ರೈಲು ಹಿಡಿಯಲು ಓಡಿದಳು.

ಅದರ ಮುಂದಿನ ವಾರ ಮನುಷ್ಯನ ಕೋಶ ನೋಡುವ ಪಾಠ ಬಂತು. "ಒಂದು ಕಡ್ಡಿಯ ತುದಿಯಿಂದ ಕೆನ್ನೆಯ ಒಳಮೈಯನ್ನು ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಪಟ್ಟಿಗೆ ಸವರಿ, ಒಂದು ಹನಿ ನೀಲಿ ಬಣ್ಣ ಹಾಕಬೇಕು. ಯಾರು ಕೊಡ್ತೀರಾ?" ಅಂತ ಶಿವಯೋಗಪ್ಪನವರು ಕೇಳಿದರು.

ಯಾರು ಕೊಡ್ತಾರೆ? ಎಂಜಲು, ಸ್ವಾಮಿ! ನಾಲ್ಕು ಜನರ ಎದುರು ಬಾಯಿ ಅಗಲಿಸಿ ಎಂಜಲು ತೆಗೆದು ಕೊಡುವುದೆಂದರೇನು? ಹುಡುಗರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಹುಡುಗಿಯರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲೆಕ್ಚರರ ಕಣ್ಣು ಸಾಲುಸಾಲಾಗಿ ಹುಡುಕಿಕೊಂಡು ಹೋಗಿ ಕೊನೆಯಲ್ಲಿ ನಿಂತಿತು. "ಚಿನ್ನಮ್ಮಾ, ನೀನು ಕೊಡಮ್ಮ."

ಅವಳಿಗೆ ಖುಷಿಯೇ ಆಯಿತು ಅಂದರೆ ನಂಬುತ್ತೀರಾ? ತನ್ನ ಬಾಯಿಯದನ್ನೇ ತಾನು ನೋಡಬಹುದಲ್ಲ ಅಂತ ಎದ್ದು ಹೋದಳು. ಕೆರೆದಳು, ಸವರಿದಳು, ಬಣ್ಣ ಹಾಕಿದಳು, ಮೇಲೆ ತೆಳುಗಾಜು ಮುಚ್ಚಿದಳು. ಪುಟ್ಟಪ್ಪ ಅದನ್ನು ಮುಟ್ಟಲಿಲ್ಲ, ತಾನೇ ಒಯ್ದು ಇಟ್ಟಳು. ಲೆಕ್ಚರರು ತಿರುಗಣೆ ತಿರುಗಿಸಿ ನೋಡಿ "ಆಹಾ, ಎಷ್ಟು ಚೆನ್ನಾಗಿ ಬಂದಿದೆ!" ಅಂದರು. ಅಂದವರು ಅಷ್ಟಕ್ಕೇ ಬಿಡಲಿಲ್ಲ, ಭಾಷಣವನ್ನೇ ಶುರುಮಾಡಿದರು. "ನೋಡಿ, ಈ ಕೋಶ ಯಾರದು ಅಂತ ಇದರ ಮೇಲೆ ಬರೆದಿದೆಯಾ? ಬಡವಂದೋ ಬಲ್ಲಿದಂದೋ, ಮೇಲಿನವಂದೋ ಕೆಳಗಿನವಂದೋ? ಜೀವಕೋಶಕ್ಕೆ ಜಾತಿ ಇಲ್ಲ. ವಿಜ್ಞಾನ ನಮಗೆ ಕಲಿಸೋದು ಇದನ್ನೇ." ಹುಡುಗರು ಚಪ್ಪಾಳೆ ಹೊಡೆದರು. ಚಿನ್ನಮ್ಮನೂ ಹೊಡೆದಳು, ಪಾಪ. ಸಾಲಿನ ಕೊನೆಯಲ್ಲಿ ನಿಂತುಕೊಂಡು ಹೊಡೆದಳು.

ಭಾಷಣಕ್ಕೆ ಅರ್ಧ ಹೊತ್ತು ಹೋಯಿತು. ಒಬ್ಬೊಬ್ಬರೇ ಬಂದು ಅವಳ ಕೆನ್ನೆಯನ್ನು ನೋಡಿ ಚಿತ್ರ ಬರೆದುಕೊಂಡರು. ಅವಳ ಮುಂದೆ ಇನ್ನೂ ಜನ ಇರುವಾಗಲೇ ಗಂಟೆ ಹೊಡೆಯಿತು. "ಮುಂದಿನ ವಾರ ನೋಡುವಿಯಂತೆ" ಅಂದರು ಶಿವಯೋಗಪ್ಪ. ಪುಟ್ಟಪ್ಪ ಗಾಜಿನ ಪಟ್ಟಿಯನ್ನು ಚಿಮ್ಮಟದಲ್ಲಿ ಹಿಡಿದು ನೀರಿಗೆ ಹಾಕಿದ.

"ನೋಡಿದ್ಯಾ?" ಅಂತ ಯಲ್ಲಮ್ಮ ಕೇಳಿದಳು.

"ಇಲ್ಲ ಅವ್ವಾ, ಗಂಟೆ ಹೊಡೀತು."

ಮುಂದಿನ ವಾರ ಇನ್ನೊಂದು ಸೆಕ್ಷನ್ನಿನ ಪ್ರಾಕ್ಟಿಕಲ್. ಅಲ್ಲಿಯೂ ಯಾರೂ ಬಾಯಿ ತೆರೆಯಲಿಲ್ಲವಂತೆ. ಕೆಮಿಸ್ಟ್ರಿ ಪಾಠದ ಮಧ್ಯದಿಂದ ಚಿನ್ನಮ್ಮನನ್ನು ಕರೆಸಿದರು. ಅವಳು ಕೆರೆದು ಕೊಟ್ಟಳು. "ಸಾರ್, ಒಂದು ಸಲ ನೋಡ್ಲಾ?" ಅಂತ ಕೇಳಿದಳು. "ಇದು ಇವರ ಸಮಯ ಅಲ್ವೇನಮ್ಮ, ನಿಮ್ಮ ಕ್ಲಾಸಿನಲ್ಲಿ ನೋಡು" ಅಂದರು. ತನ್ನ ಕ್ಲಾಸಿನಲ್ಲಿ ಮತ್ತೆ ಕೆರೆದು ಕೊಟ್ಟಳು, ಮತ್ತೆ ಕೊನೆಗೆ ನಿಂತಳು, ಮತ್ತೆ ಗಂಟೆ ಹೊಡೆಯಿತು. ಇಡೀ ಕಾಲೇಜು ಅವಳ ಕೆನ್ನೆಯ ಚಿತ್ರ ಬರೆದು ಲೆಕ್ಚರರಿಂದ ಶಹಭಾಸ್ ಅನ್ನಿಸಿಕೊಂಡಿತು. ನೋಡದೆ ಉಳಿದವಳು ಅವಳೊಬ್ಬಳೇ. ಮನೆಯಲ್ಲಿ ಯಲ್ಲಮ್ಮ ಕೇಳುವುದನ್ನು ಬಿಡಲಿಲ್ಲ. ದಿನವೂ ಅದೇ ಮಾತು, "ನೋಡಿದ್ಯಾ?"

ಒಂದು ಮಧ್ಯಾಹ್ನ ಚಿನ್ನಮ್ಮ ತನ್ನ ಪಕ್ಕದ ಬೆಂಚಿನ ಜಯಶೀಲಾಳನ್ನು ಕೇಳಿದಳು. ಜಯಶೀಲಾ ಕೋಟೆಯ ಕಡೆಯ ಜವಳಿ ಅಂಗಡಿಯವರ ಮಗಳು, ಮಾತಿಗೆ ಸಿಹಿ, ಮನಸ್ಸಿಗೂ ಕೆಟ್ಟವಳಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ಹೇಳಿಕೊಡುತ್ತಿದ್ದವಳು ಅವಳೇ.

"ಜಯಶೀಲಾ, ಇವತ್ತು ನಾನು ನಿನ್ನ ಮುಂದೆ ನಿಂತ್ಕೊಳ್ಲೇನೇ? ನನ್ನ ಕೆನ್ನೇದನ್ನ ನಾನೇ ಇನ್ನೂ ಒಂದು ಸಲಾನೂ ನೋಡಿಲ್ಲ."

ಜಯಶೀಲಾಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಯ್ಯೋ ಮಾರಾಯ್ತಿ, ಹಾಗೆ ಹೇಗಾಗುತ್ತೆ? ನೀನು ಮೊದಲು ಕಣ್ಣಿಟ್ರೆ ಆಮೇಲೆ ನಾವು ಹೇಗೆ ಇಡೋದು?"

"ಹಾಗಂದ್ರೆ?"

"ರೆಪ್ಪೆ ತಾಗುತ್ತಲ್ಲ. ಮನೇಲಿ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ. ನಿಂಗೆ ಬೇಜಾರಾಗ್ಬಾರ್ದು ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ."

"ಮತ್ತೆ ನನ್ನ ಎಂಜಲು ನೋಡ್ತೀರಲ್ಲ?"

"ಅದಕ್ಕೇನು, ಮಧ್ಯೆ ಗಾಜಿದೆಯಲ್ಲ" ಅಂದಳು ಜಯಶೀಲಾ, ಬಹಳ ಸಮಾಧಾನದಿಂದ.

ಕೇಳಿದಿರಾ? ಅವಳ ಎಂಜಲು ಆಗುತ್ತದೆ, ಅವಳ ಕಣ್ಣು ಆಗುವುದಿಲ್ಲ! ಅವಳ ಬಾಯೊಳಗೆ ಇಣುಕಬಹುದು, ಅವಳ ರೆಪ್ಪೆ ತಾಗಿದ ಹಿತ್ತಾಳೆ ಕೊಳವೆಗೆ ಇವರ ರೆಪ್ಪೆ ತಾಗಬಾರದು. ಯಾವ ಶಾಸ್ತ್ರದಲ್ಲಿದೆ ಇದು? ಎಲ್ಲೂ ಇಲ್ಲ. ಅಜ್ಜಂದಿರ ಕಾಲದಲ್ಲಿ ಮೈಕ್ರೋಸ್ಕೋಪು ಎಲ್ಲಿತ್ತು? ಓದು ಬರಹ ಬಲ್ಲ ಈ ಮಕ್ಕಳೇ, ಯಾರೂ ಹೇಳಿಕೊಡದೆ, ಹೊಸ ಯಂತ್ರಕ್ಕೆ ಹೊಸ ಮೈಲಿಗೆಯನ್ನು ತಾವೇ ಕಟ್ಟಿಕೊಂಡಿದ್ದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಚಿನ್ನಮ್ಮನಿಗೆ ಆಗ ಎಲ್ಲವೂ ಹೊಳೆಯಿತು. ಪುಟ್ಟಪ್ಪನ ಸ್ಪಿರಿಟ್ಟು, ಸಾಲಿನ ಕೊನೆ, ಆ ಭಾಷಣ. ತಾನೂ ಚಪ್ಪಾಳೆ ಹೊಡೆದಿದ್ದು ನೆನಪಾಗಿ ಅವಳಿಗೆ ತನ್ನ ಕೈಗಳ ಮೇಲೇ ಸಿಟ್ಟು ಬಂತು. ರೈಲಿನಲ್ಲಿ ಭದ್ರಾವತಿಯವರೆಗೆ ಹಲ್ಲು ಕಚ್ಚಿಕೊಂಡು ಕೂತಳು. ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದಳು. ಯಲ್ಲಮ್ಮ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬಾಯಿ ನಿಂದು ತಾನೇ? ಮುಚ್ಕೊಂಡು ಕೂತ್ಕೋ. ಏನು ಮಾಡ್ತಾರೋ ನೋಡಾನ" ಅಂದಳು.

ಟೆಸ್ಟಿನ ದಿನ ಬಂತು. ಮೈಕ್ರೋಸ್ಕೋಪಿನಲ್ಲಿ ಕಂಡ ಕೋಶವನ್ನು ಅಲ್ಲೇ ಕೂತು ಬರೆಯಬೇಕು, ಅದಕ್ಕೆ ಅಂಕ. ಶಿವಯೋಗಪ್ಪನವರು ಎಂದಿನಂತೆ "ಬಾರಮ್ಮ ಚಿನ್ನಮ್ಮ" ಅಂದರು. ಅವಳು ಎದ್ದು ಬಂದು ಕಡ್ಡಿ ಹಿಡಿದುಕೊಂಡು ನಿಂತಳು, ಬಾಯಿ ಮಾತ್ರ ತೆರೆಯಲಿಲ್ಲ.

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗಿದೀನಿ ಸಾರ್. ಕೊಡ್ತೀನಿ. ಆದರೆ ಇವತ್ತು ಮೊದಲು ನಾನು ನೋಡ್ತೀನಿ. ಆಮೇಲೆ ಎಲ್ಲರೂ ನೋಡಲಿ."

ಲ್ಯಾಬಿನಲ್ಲಿ ಗುಸುಗುಸು ಎದ್ದಿತು. ಲೆಕ್ಚರರ ಮುಖ ಕೆಂಪೇರಿತು. "ಇದೇನಿದು ಹಟ? ಇದು ಟೆಸ್ಟು, ತಮಾಷೆ ಅಲ್ಲ. ಸೊನ್ನೆ ಹಾಕಬೇಕಾಗುತ್ತೆ."

"ಹಾಕಿ ಸಾರ್" ಅಂದಳು ಚಿನ್ನಮ್ಮ. "ಬೇರೆ ಯಾರಾದರೂ ಕೊಡೋರಿದ್ರೆ ಅವರನ್ನ ಕೇಳಿ. ನನ್ನ ಬಾಯೇನು ಕಾಲೇಜಿನ ಸಾಮಾನಾ, ಬೇಕಾದಾಗ ತೆಗೆದು ಬೇಕಾದಾಗ ಮುಚ್ಚೋಕೆ?"

ಅವರು ಸಾಲಿನತ್ತ ನೋಡಿದರು. ಸಾಲು ನೆಲ ನೋಡಿತು. ಟೆಸ್ಟಿನ ಹೊತ್ತು ಹೋಗುತ್ತಿತ್ತು. ಕೊನೆಗೆ ಅವರು "ಸರಿ, ಬೇಗ ನೋಡಿ ಏಳು" ಅಂದರು, ಭಿಕ್ಷೆ ಹಾಕುವವರ ಹಾಗೆ.

ಚಿನ್ನಮ್ಮ ಕೆನ್ನೆ ಕೆರೆದಳು, ಸವರಿದಳು, ಬಣ್ಣ ಹಾಕಿದಳು. ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟಳು. ಮೊದಲು ಬರೀ ಬೆಳಕು. ತಿರುಗಣೆಯನ್ನು ಮೆಲ್ಲಗೆ ತಿರುಗಿಸಿದಳು. ಬಂತು! ತಿಳಿನೀಲಿಯ ತೆಳ್ಳಗಿನ ಚೂರುಗಳು, ರೊಟ್ಟಿ ಹರಿದು ಹರಡಿದ ಹಾಗೆ, ಅಂಚು ಅಲ್ಲಲ್ಲಿ ಮಡಿಚಿಕೊಂಡಿತ್ತು. ಪ್ರತಿ ಚೂರಿನ ನಡುವೆಯೂ ಒಂದೊಂದು ದಟ್ಟ ನೀಲಿಯ ಚುಕ್ಕೆ. ಇತ್ತು ಅವ್ವಾ, ನಿಜವಾಗಿಯೂ ಇತ್ತು.

ಆಮೇಲೆ ಎದ್ದು ಪಕ್ಕಕ್ಕೆ ನಿಂತು "ಬನ್ನಿ, ನೋಡಿ" ಅಂದಳು.

ಯಾರೂ ಬರಲಿಲ್ಲ. ಸಾಲಿನ ಮೊದಲಿನವನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ಅವನ ಹಿಂದಿನವನು ಕಿಟಕಿಯ ಆಚೆ ನೋಡಿದ. ಚಿನ್ನಮ್ಮ ಜಯಶೀಲಾಳ ಕಡೆ ನೋಡಿದಳು, ಜಯಶೀಲಾ ತನ್ನ ಪೆನ್ಸಿಲಿನ ಮೊನೆ ನೋಡಿಕೊಂಡಳು. ಅಂಕ ಹೋದರೂ ಸರಿ, ಪರೀಕ್ಷೆ ಹೋದರೂ ಸರಿ, ಒಂದು ಹೆಜ್ಜೆ ಮುಂದಿಡುವವರಿಲ್ಲ. ಥೂ, ಎಂಥ ಓದು!

ಆಗ ಅವಳು ಲೆಕ್ಚರರ ಕಡೆ ತಿರುಗಿದಳು. ಇವರಾದರೂ ಬರುತ್ತಾರೆ ಅನ್ನುವ ಆಸೆ ಅವಳಿಗೆ ಆಗಲೂ ಇತ್ತು. "ಸಾರ್, ನೀವು ನೋಡಿ. ಸರಿಯಾಗಿ ಕಾಣ್ತಿದೆಯಾ ಹೇಳಿ."

ಶಿವಯೋಗಪ್ಪನವರು ಬಂದರು. ಜೀವಕೋಶಕ್ಕೆ ಜಾತಿ ಇಲ್ಲ ಅಂದವರು. ಕನ್ನಡಕ ತೆಗೆದರು, ಜುಬ್ಬದ ತುದಿಯಿಂದ ಒರೆಸಿದರು, ಬಗ್ಗಿದರು. ಕೊಳವೆಗೆ ಗೇಣು ದೂರ ಇರುವಾಗ ಅವರ ತಲೆ ನಿಂತಿತು. ಮತ್ತೆ ನೆಟ್ಟಗಾದರು. ಅವಳ ಮುಖ ನೋಡದೆ, ಬಾಗಿಲಿನ ಕಡೆ ತಿರುಗಿ, ಎಂದಿನ ಧ್ವನಿಯಲ್ಲಿಯೇ ಕರೆದರು.

"ಪುಟ್ಟಪ್ಪಾ, ಸ್ಪಿರಿಟ್ ತಗೊಂಬಾ."

ಪುಟ್ಟಪ್ಪ ಸೀಸೆ ಮತ್ತು ಬಟ್ಟೆ ಹಿಡಿದು ಬಂದ. ಅವನು ಮೇಜಿನ ಹತ್ತಿರ ಬರುವುದರೊಳಗೆ ಚಿನ್ನಮ್ಮ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. ಮೈಕ್ರೋಸ್ಕೋಪಿನ ಕಂಬವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮತ್ತೆ ಕಣ್ಣಿಟ್ಟಳು. ತಲೆ ಎತ್ತಲಿಲ್ಲ.

"ನಿಲ್ಲು ಪುಟ್ಟಪ್ಪಣ್ಣ. ನಮ್ಮವ್ವನಿಗೆ ಹೇಳ್ಬೇಕು, ಚೆನ್ನಾಗಿ ನೋಡ್ಕೋಬೇಕು. ನನ್ನ ಹಿಂದೆ ಹೇಗೂ ಸಾಲಿಲ್ಲ. ಒರೆಸ್ಬೇಡ, ನಂದಿನ್ನೂ ಮುಗಿದಿಲ್ಲ."